ಎರಡು ಸಲ ಹುಟ್ಟಿದ ವಸ್ತುಗಳು



ರಾಯಚೂರಿನಿಂದ ಹೈದರಾಬಾದ್ ಕಡೆಗೆ ಬಸ್ಸು ಹತ್ತಿದವರಿಗೆ ಕೃಷ್ಣಾ ನದಿ ಕಾಣುವ ಮೊದಲೇ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. ದೇವಸೂಗೂರಿನ ಜಾತ್ರೆಗೆ ಹೋದವರೂ ಅವನ್ನು ನೋಡಿಯೇ ಇರುತ್ತೀರಿ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಎಂಬ ಉದ್ದನೆಯ ಹೆಸರನ್ನು ನಮ್ಮ ಜನ ಆರ್‌ಟಿಪಿಎಸ್ ಎಂದು ಮೊಟಕು ಮಾಡಿಕೊಂಡಿದ್ದಾರೆ. 1985ರಲ್ಲಿ ಇಲ್ಲಿನ ಮೊದಲ ಘಟಕ ಚಾಲೂ ಆಯಿತು. ಈಗ ಎಂಟು ಘಟಕಗಳಿವೆ. ಏಳು ಘಟಕಗಳು ತಲಾ 210 ಮೆಗಾವಾಟ್, ಎಂಟನೆಯದು 250, ಒಟ್ಟು 1720 ಮೆಗಾವಾಟ್ ಸಾಮರ್ಥ್ಯ. ಮಳೆ ಕೈಕೊಟ್ಟ ವರ್ಷ ಶರಾವತಿಯ ನೀರನ್ನೇ ನೆಚ್ಚಿಕೊಂಡು ಕೂತರೆ ನಾಡೆಲ್ಲ ಕತ್ತಲಾಗುತ್ತದೆ ಎಂಬ ಅನುಭವ ಆದ ಮೇಲೆ ಕರ್ನಾಟಕ ಕಟ್ಟಿಕೊಂಡ ಮೊದಲ ಕಲ್ಲಿದ್ದಲು ವಿದ್ಯುತ್ ಕೇಂದ್ರ ಇದು.

ಇವತ್ತು ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು ಈ ಕೇಂದ್ರದ ಸಾಧನೆಯ ಲೆಕ್ಕವನ್ನಲ್ಲ. ನಾವು ದಿನ ಬೆಳಗಾದರೆ ಬಳಸುವ ವಸ್ತುಗಳು, ಯಂತ್ರಗಳು ಎಲ್ಲಿ, ಯಾವ ಕಾರಣಕ್ಕೆ ಹುಟ್ಟಿದವು ಎಂಬ ಕಥೆಯನ್ನು. ಅದನ್ನು ಹೇಳಲು ಶಕ್ತಿನಗರಕ್ಕಿಂತ ಒಳ್ಳೆಯ ಜಾಗ ನನಗೆ ಕಾಣದು. ಇಲ್ಲಿ ಸೇರಿರುವ ಮುಖ್ಯ ಸಾಧನಗಳಲ್ಲಿ ಹೆಚ್ಚಿನವು ಮನೆಗೆ ದೀಪ ಕೊಡಲೆಂದು ಹುಟ್ಟಿದವಲ್ಲ. ಮೊದಲು ಬೇರೆ ಯಾವುದೋ ಕಷ್ಟಕ್ಕೆ ಪರಿಹಾರವಾಗಿ ಹುಟ್ಟಿದವು. ಆಮೇಲೆ ಯಾರೋ ಒಬ್ಬರು ಅವುಗಳಲ್ಲಿ ಇನ್ನೊಂದು ಉಪಯೋಗ ಕಂಡರು. ಹೀಗೆ ಅವು ಎರಡು ಸಲ ಹುಟ್ಟಿದವು.

ಉಗಿಯಿಂದ ಶುರು ಮಾಡೋಣ. ಉಗಿಯಂತ್ರ ಎಂದ ಕೂಡಲೆ ರೈಲು ನೆನಪಾಗುವುದು ಸಹಜ. ಆದರೆ ಮೊದಲ ಯಶಸ್ವಿ ಉಗಿಯಂತ್ರ ಎಲ್ಲಿಗೂ ಚಲಿಸಲಿಲ್ಲ. ಗಣಿಯ ಬಾಯಿಯಲ್ಲಿ ನಿಂತು ನೀರು ಎತ್ತಿತು. ಇಂಗ್ಲೆಂಡಿನ ಥಾಮಸ್ ನ್ಯೂಕಮನ್ ಕಬ್ಬಿಣದ ಸಾಮಾನಿನ ವ್ಯಾಪಾರಿ. ಗಣಿ ಕೆಲಸದವರಿಗೆ ಹತಾರ ಮಾರುತ್ತಿದ್ದ. ಗಣಿ ಆಳವಾದಷ್ಟೂ ಬುಡದಲ್ಲಿ ನೀರು ನಿಂತು ಕೆಲಸ ಕೆಡುತ್ತಿತ್ತು. ಕುದುರೆ ಕಟ್ಟಿ ನೀರು ಎತ್ತಿಸಿದರೂ ಸಾಕಾಗುತ್ತಿರಲಿಲ್ಲ. 1712ರಲ್ಲಿ ಡಡ್ಲಿ ಎಂಬಲ್ಲಿ ಅವನು ನಿಲ್ಲಿಸಿದ ಯಂತ್ರ ಆ ನೀರನ್ನು ಮೇಲೆತ್ತಿತು. ಅದು ರಾಶಿ ರಾಶಿ ಕಲ್ಲಿದ್ದಲು ತಿನ್ನುತ್ತಿತ್ತು, ನಿಜ. ಆದರೆ ಕಲ್ಲಿದ್ದಲು ಗಣಿಯ ಬಾಯಲ್ಲೇ ಇದ್ದುದರಿಂದ, ಯಾರೂ ಕೊಳ್ಳದ ಪುಡಿ ಇದ್ದಲನ್ನೇ ಒಲೆಗೆ ಹಾಕಿ ಓಡಿಸಿದರು. ಬೇರೆ ಕಡೆಯಾಗಿದ್ದರೆ ಆ ಯಂತ್ರ ಓಡಿಸುವುದು ಬಹಳ ದುಬಾರಿಯಾಗುತ್ತಿತ್ತು.

ಅರವತ್ತು ವರ್ಷ ಕಳೆಯುವುದರೊಳಗೆ ಅದಕ್ಕೆ ತಿದ್ದುಪಡಿ ಬಂತು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣ ರಿಪೇರಿ ಮಾಡುತ್ತಿದ್ದ ಜೇಮ್ಸ್ ವಾಟ್‌ನ ಕೈಗೆ ನ್ಯೂಕಮನ್ ಯಂತ್ರದ ಒಂದು ಚಿಕ್ಕ ಮಾದರಿ ದುರಸ್ತಿಗೆ ಬಂತು. ಒಂದೇ ಕೊಳವೆಯನ್ನು ಉಗಿಯಿಂದ ಕಾಯಿಸುವುದು, ಮರುಗಳಿಗೆ ತಣ್ಣೀರು ಹೊಡೆದು ತಣಿಸುವುದು, ಮತ್ತೆ ಕಾಯಿಸುವುದು. ಶಾಖವೆಲ್ಲ ಪೋಲಾಗುವುದು ಇಲ್ಲೇ ಎಂದು ಅವನು ಗುರುತಿಸಿದ. ಕೊಳವೆ ಬಿಸಿಯಾಗಿಯೇ ಇರಲಿ, ಉಗಿಯನ್ನು ತಣಿಸಲು ಬೇರೆಯೇ ಪಾತ್ರೆ ಇರಲಿ ಎಂಬ ಯೋಚನೆ 1765ರಲ್ಲಿ ಹೊಳೆಯಿತು. ಆ ಪಾತ್ರೆಯೇ ಕಂಡೆನ್ಸರ್. ಶಕ್ತಿನಗರದ ಪ್ರತಿ ಘಟಕದಲ್ಲೂ ಟರ್ಬೈನ್ ತಿರುಗಿಸಿ ಹೊರಬಂದ ಉಗಿ ಇಂದಿಗೂ ಕಂಡೆನ್ಸರಿಗೆ ಹೋಗಿ, ತಣಿದು, ನೀರಾಗಿ ಮತ್ತೆ ಬಾಯ್ಲರಿಗೆ ಮರಳುತ್ತದೆ. ಅದನ್ನು ತಣಿಸುವುದಕ್ಕೆ ಹೊಳೆಯಷ್ಟು ನೀರು ಬೇಕು. ಕೇಂದ್ರವನ್ನು ಕಲ್ಲಿದ್ದಲು ಗಣಿಯ ಪಕ್ಕ ಕಟ್ಟದೆ ಕೃಷ್ಣೆಯ ದಂಡೆಗೆ ತಂದು ಕಟ್ಟಿದ್ದರ ಹಿಂದೆ ಇರುವ ಒಂದು ಮುಖ್ಯ ಕಾರಣ ಇದೇ.

ಇನ್ನು ಆ ಕಲ್ಲಿದ್ದಲನ್ನು ಹೊತ್ತು ತರುವ ರೈಲು. ಹಳಿ ಎಂಬುದು ಪ್ರಯಾಣಿಕರಿಗಾಗಿ ಹುಟ್ಟಿದ್ದಲ್ಲ. ಯುರೋಪಿನ ಗಣಿಗಳಲ್ಲಿ ಅದಿರಿನ ಬಂಡಿ ಕೆಸರಿನಲ್ಲಿ ಹೂತುಹೋಗದಿರಲೆಂದು ಹಾಸಿದ ಮರದ ಪಟ್ಟಿಗಳೇ ಮೊದಲ ಹಳಿಗಳು. ಕಲ್ಲಿದ್ದಲು ಗಣಿಯ ಕೂಲಿಯ ಮಗ, ಹದಿನೆಂಟು ತುಂಬುವ ತನಕ ಓದು ಬರಹ ಕಲಿಯದ ಜಾರ್ಜ್ ಸ್ಟೀಫನ್‌ಸನ್, ಉಗಿಯಂತ್ರವನ್ನು ಹಳಿಯ ಮೇಲೆ ಓಡಿಸಿದ್ದು ಕಲ್ಲಿದ್ದಲು ಸಾಗಿಸುವುದಕ್ಕೆ. 1825ರಲ್ಲಿ ಆರಂಭವಾದ ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ರೈಲುಮಾರ್ಗದ ಮುಖ್ಯ ಉದ್ದೇಶವೂ ಅದೇ. ಅದೇ ಸ್ಟಾಕ್‌ಟನ್ ಊರಿನಲ್ಲಿ, ಎರಡೇ ವರ್ಷದ ನಂತರ, ಜಾನ್ ವಾಕರ್ ಎಂಬ ಔಷಧ ಅಂಗಡಿಯವನು ಗೀರಿದರೆ ಹತ್ತುವ ಬೆಂಕಿಕಡ್ಡಿಯನ್ನು ಮಾರತೊಡಗಿದ. ರಾಸಾಯನಿಕ ಕಲಕಿದ ಕಡ್ಡಿಯ ತುದಿಯಲ್ಲಿ ಒಣಗಿ ಅಂಟಿದ್ದ ಗಂಟು, ಒಲೆಯ ಕಲ್ಲಿಗೆ ಉಜ್ಜಿದಾಗ ಭಗ್ಗನೆ ಹತ್ತಿಕೊಂಡಿತಂತೆ. ಅದಕ್ಕೆ ಅವನು ಪೇಟೆಂಟ್ ಕೂಡ ಮಾಡಿಸಿಕೊಳ್ಳಲಿಲ್ಲ.

ನಮ್ಮ ರಾಯಚೂರಿಗೆ ರೈಲು ಬಂದ ಕಥೆಯೂ ಇಲ್ಲಿ ನೆನೆಯತಕ್ಕದ್ದು. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲೇ. ಅದೇ 1871ರಲ್ಲಿ ಭೂವಿಜ್ಞಾನ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಎಂಬವರು ಹೈದರಾಬಾದ್ ಸಂಸ್ಥಾನದ ಯೆಲ್ಲಂದು ಬಳಿ ಕಲ್ಲಿದ್ದಲು ಗುರುತಿಸಿದರು. ಸಿಂಗರೇಣಿ ಗಣಿಗಳ ಮೂಲ ಅದು. ಒಂದೇ ವರ್ಷ ಕಂಡುಕೊಂಡ ಕಲ್ಲಿದ್ದಲು, ಒಂದೇ ವರ್ಷ ಕೂಡಿದ ಹಳಿ. ನೂರು ವರ್ಷ ದಾಟಿದ ಮೇಲೆ ಎರಡೂ ಶಕ್ತಿನಗರದಲ್ಲಿ ಸಂಧಿಸಿದವು. ಸಿಂಗರೇಣಿಯ ಕಲ್ಲಿದ್ದಲು ಇವತ್ತಿಗೂ ಇಲ್ಲಿಗೆ ಬಂದು ಇಳಿಯುತ್ತದೆ. ಇದಕ್ಕೂ ಮುಂಚೆ ಭಾರದ ವಸ್ತುವನ್ನು ಈ ನೆಲದಲ್ಲಿ ಹೇಗೆ ಸಾಗಿಸುತ್ತಿದ್ದರು ಎಂದು ತಿಳಿಯಬೇಕಾದರೆ ರಾಯಚೂರು ಕೋಟೆಗೆ ಹೋಗಿ. 1294ರ ಶಾಸನವಿರುವ, ನಲವತ್ತೊಂದು ಅಡಿಗೂ ಉದ್ದವಾದ ಒಂದೇ ಚಪ್ಪಡಿ ಕಲ್ಲು ಅಲ್ಲಿನ ಗೋಡೆಯಲ್ಲಿದೆ. ಅಂಥ ಕಲ್ಲನ್ನು ಬಂಡಿಗೆ ಹೇರಿ, ಸಾಲು ಸಾಲು ಜಾನುವಾರು ಕಟ್ಟಿ ಎಳೆಯುವ ಚಿತ್ರವನ್ನೂ ಆ ಗೋಡೆಯ ಮೇಲೆಯೇ ಕೆತ್ತಿದ್ದಾರೆ. ತಾವು ಮಾಡಿದ ಕೆಲಸದ ರೀತಿಯನ್ನು ಮುಂದಿನವರಿಗೆ ತಿಳಿಸಿ ಹೋದ ಆ ಕೆಲಸಗಾರರಿಗೆ ನಾವು ಋಣಿಗಳು.

ವಿದ್ಯುತ್ತಿನ ಕಥೆಗೆ ಬರೋಣ. ಅಯಸ್ಕಾಂತ ಮತ್ತು ತಂತಿಯ ಸುರುಳಿಯಿಂದ ವಿದ್ಯುತ್ ಹುಟ್ಟುತ್ತದೆ ಎಂದು 1831ರಲ್ಲಿ ತೋರಿಸಿಕೊಟ್ಟ ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದು, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತವನು. ಶಕ್ತಿನಗರದಲ್ಲಿ ನಿಮಿಷಕ್ಕೆ 3000 ಸುತ್ತು ತಿರುಗುವ ಜನರೇಟರಿನ ತತ್ತ್ವ ಅವನದೇ. ಆದರೆ ನಮ್ಮ ಕರ್ನಾಟಕದ ಮನೆಗಳಿಗೆ ಕರೆಂಟು ಬಂದ ದಾರಿ ಇನ್ನೂ ಸೋಜಿಗದ್ದು. ಅದು ಬಂದದ್ದು ಚಿನ್ನದ ಗಣಿಯ ಮೂಲಕ. ಕೋಲಾರದ ಗಣಿಗಳು ಆಳ ಆಳಕ್ಕೆ ಇಳಿದಂತೆ ನೀರೆತ್ತಲು, ಅದಿರು ಕುಟ್ಟಲು ಕಟ್ಟಿಗೆ, ಕಲ್ಲಿದ್ದಲಿನ ಖರ್ಚು ಮಿತಿಮೀರಿತು. ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಿಂದ ವಿದ್ಯುತ್ ತೆಗೆಯುವ ಯೋಜನೆ ಸಿದ್ಧವಾಯಿತು. 1902ರ ಜೂನ್ 30ರಂದು, ಸುಮಾರು 147 ಕಿಲೋಮೀಟರ್ ದೂರದ ಕೋಲಾರಕ್ಕೆ ತಂತಿಯ ಮೇಲೆ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಲೋಕದಲ್ಲೇ ಅತಿ ಉದ್ದದ ಮಾರ್ಗಗಳಲ್ಲಿ ಅದೊಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರ ಆಗಸ್ಟ್ 5ರಂದು. ಗಣಿಗೆಂದು ಬಂದ ಕರೆಂಟು ಆಮೇಲೆ ಮನೆಗೆ ಬಂತು. ಹಟ್ಟಿ ಚಿನ್ನದ ಗಣಿಯ ನೆರೆಯಲ್ಲಿ ಬದುಕುವ ನಮ್ಮ ಜಿಲ್ಲೆಯವರಿಗೆ, ಭೂಮಿಯೊಳಗಿನ ಕಷ್ಟ ಭೂಮಿಯ ಮೇಲಿನವರಿಗೆ ಬೆಳಕಾದ ಈ ಮಾತು ಬೇಗ ಅರ್ಥವಾದೀತು.

ಯುದ್ಧವೂ ಇಂಥ ಮರುಹುಟ್ಟಿಗೆ ಕಾರಣವಾದದ್ದುಂಟು. ಮೊದಲ ಮಹಾಯುದ್ಧದ ತನಕ ಮೈಸೂರಿನ ಶ್ರೀಗಂಧದ ಕೊರಡು ಯುರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಹಡಗಿನ ದಾರಿ ಮುಚ್ಚಿತು. ಗಂಧ ಗೋದಾಮಿನಲ್ಲೇ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯ ಅವರ ಕಾಲದಲ್ಲಿ ಎಣ್ಣೆಯನ್ನು ಇಲ್ಲೇ ತೆಗೆಯಲು ಆರಂಭಿಸಿದರು. ಆ ಎಣ್ಣೆಯಿಂದ ನಮ್ಮ ಬಚ್ಚಲಮನೆಯ ಮೈಸೂರು ಸ್ಯಾಂಡಲ್ ಸಾಬೂನು ಬಂತು. ಮಾರಾಟವಾಗದೆ ಬಿದ್ದ ಸರಕಿಗೆ ದಾರಿ ಹುಡುಕಿದ್ದರ ಫಲ ಅದು.

ಈಗ ನಾನು ಸ್ವಲ್ಪ ಹೊತ್ತು ನಿಲ್ಲಬೇಕೆಂದಿರುವ ಜಾಗಕ್ಕೆ ಬರುತ್ತೇನೆ. ಅದು ಬಾಯ್ಲರಿಗೂ ಚಿಮಣಿಗೂ ನಡುವೆ ಇರುವ, ದಾರಿಹೋಕರ ಕಣ್ಣಿಗೆ ಬೀಳದ ಒಂದು ಭಾರಿ ಪೆಟ್ಟಿಗೆ. ಇಎಸ್‌ಪಿ ಎಂದು ಕೇಂದ್ರದ ನೌಕರರು ಅದನ್ನು ಕರೆಯುತ್ತಾರೆ. ಹೊಗೆಯಿಂದ ಬೂದಿಯನ್ನು ಸೋಸುವ ಸಾಧನ ಅದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿ ಬಹಳ. ನೂರು ಕಿಲೋ ಸುಟ್ಟರೆ ಮೂವತ್ತರಿಂದ ನಲವತ್ತು ಕಿಲೋ ಬೂದಿ ಉಳಿಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಹಿಟ್ಟಿಗಿಂತ ನುಣ್ಣಗಾಗಿ ಹೊಗೆಯ ಜೊತೆಯಲ್ಲೇ ಹಾರುತ್ತದೆ. ಅದೇ ಹಾರುಬೂದಿ. ಇಎಸ್‌ಪಿಯ ಒಳಗೆ ಹತ್ತಾರು ಸಾವಿರ ವೋಲ್ಟಿನ ತಂತಿಗಳೂ ಎತ್ತರದ ಉಕ್ಕಿನ ಹಾಳೆಗಳೂ ಸಾಲಾಗಿ ನಿಂತಿರುತ್ತವೆ. ಬೂದಿಯ ಕಣ ತಂತಿಯ ಹತ್ತಿರ ಹಾದಾಗ ವಿದ್ಯುದಾವೇಶ ಪಡೆದು ಹಾಳೆಗೆ ಹೋಗಿ ಅಂಟಿಕೊಳ್ಳುತ್ತದೆ. ತಲೆಗೆ ಉಜ್ಜಿದ ಹಣಿಗೆ ಕಾಗದದ ಚೂರನ್ನು ಎಳೆಯುವುದನ್ನು ಶಾಲೆಯಲ್ಲಿ ನೋಡಿರುತ್ತೀರಿ, ಅದೇ ಬಗೆಯ ಸೆಳೆತ. ಸುತ್ತಿಗೆಗಳು ಆಗಾಗ ಹಾಳೆಯನ್ನು ಬಡಿದಾಗ ಬೂದಿ ಉದುರಿ ಕೆಳಗಿನ ತೊಟ್ಟಿಗೆ ಬೀಳುತ್ತದೆ. ಸರಿಯಾಗಿ ನಡೆದರೆ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗೂ ಹೆಚ್ಚು ಬೂದಿ ಇಲ್ಲೇ ಹಿಡಿಯಲ್ಪಡುತ್ತದೆ.

ಇದು ಹುಟ್ಟಿದ್ದು ಎಲ್ಲಿ? 1880ರ ದಶಕದಲ್ಲಿ ಇಂಗ್ಲೆಂಡಿನ ಆಲಿವರ್ ಲಾಡ್ಜ್, ವಿದ್ಯುತ್ ಹಾಯಿಸಿದರೆ ಹೊಗೆ ತಿಳಿಯಾಗುವುದನ್ನು ಕಂಡು ಮಂಜು ಕರಗಿಸುವ ಕನಸು ಕಟ್ಟಿದರು. ವೇಲ್ಸ್‌ನ ಒಂದು ಸೀಸದ ಕಾರ್ಖಾನೆಯಲ್ಲಿ 1885ರಲ್ಲಿ ಅದನ್ನು ಹೂಡಿಯೂ ನೋಡಿದರು. ಸಾಕಷ್ಟು ಬಲದ ವಿದ್ಯುತ್ ಆಗ ಸಿಗಲಿಲ್ಲ, ಪ್ರಯತ್ನ ಸೋತಿತು. ಅದೇ ಲಾಡ್ಜ್ ಮುಂದೆ 1894ರಲ್ಲಿ ತಂತಿಯಿಲ್ಲದೆ ವಿದ್ಯುತ್ ಅಲೆ ಕಳಿಸಿ ತೋರಿಸಿದವರಲ್ಲಿ ಒಬ್ಬರು. ನನ್ನ ದನಿ ನಿಮ್ಮನ್ನು ಮುಟ್ಟುವ ಈ ಬಾನುಲಿಗೂ, ಶಕ್ತಿನಗರದ ಬೂದಿ ಹಿಡಿಯುವ ಪೆಟ್ಟಿಗೆಗೂ ಆರಂಭದಲ್ಲಿ ದುಡಿದ ಕೈ ಒಂದೇ.

ಲಾಡ್ಜ್ ಬಿಟ್ಟ ಕೆಲಸವನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೆಡರಿಕ್ ಕಾಟ್ರೆಲ್ ಎಂಬ ಪ್ರಾಧ್ಯಾಪಕರು ಮುಗಿಸಿದರು. ಅವರಿಗೆ ಬೇಕಿದ್ದುದು ಗಂಧಕಾಮ್ಲದ ಕಾರ್ಖಾನೆಯಲ್ಲಿ ಗಾಳಿಗೆ ಹೋಗುತ್ತಿದ್ದ ಆಮ್ಲದ ಹನಿಗಳನ್ನು ಹಿಡಿಯುವುದು. ಪ್ರಯೋಗ ನಡೆಸುತ್ತಿದ್ದಾಗ, ಬರಿಯ ಲೋಹದ ತಂತಿಗಿಂತ ಹತ್ತಿಯ ನೂಲು ಸುತ್ತಿದ ತಂತಿಯ ಸುತ್ತ ನೇರಳೆ ಬೆಳಕು ಹೆಚ್ಚಾಗಿ ಹೊಮ್ಮುವುದನ್ನು ಕತ್ತಲಲ್ಲಿ ಕಂಡರು. ಹತ್ತಿಯ ಎಳೆಗಳ ಸಣ್ಣ ಸಣ್ಣ ತುದಿಗಳೇ ವಿದ್ಯುತ್ತನ್ನು ಗಾಳಿಗೆ ಚೆನ್ನಾಗಿ ಹರಡುತ್ತವೆ ಎಂಬ ಗುಟ್ಟು ಅಲ್ಲಿ ಸಿಕ್ಕಿತು. ಹತ್ತಿ ಮಾರುಕಟ್ಟೆಗೆ ಹೆಸರಾದ ರಾಯಚೂರಿನವರು ಇದನ್ನು ಕೇಳಿ ಸಂತೋಷಪಡಬೇಕು. 1907ರಲ್ಲಿ ಅವರ ಉಪಕರಣ ಕೆಲಸಕ್ಕೆ ಇಳಿಯಿತು. ಕೆಲವೇ ವರ್ಷಗಳಲ್ಲಿ, ಕಿತ್ತಳೆ ತೋಟಗಳ ಮೇಲೆ ಸಿಮೆಂಟಿನ ದೂಳು ಕೂರುತ್ತಿದೆ ಎಂದು ರೈತರು ದೂರಿದ್ದ ರಿವರ್‌ಸೈಡ್ ಎಂಬಲ್ಲಿನ ಸಿಮೆಂಟ್ ಕಾರ್ಖಾನೆಗೂ ಅದು ಹೋಯಿತು. ಕಾಟ್ರೆಲ್ ಅದರ ಲಾಭವನ್ನು ತಾವು ಇಟ್ಟುಕೊಳ್ಳದೆ, ವಿಜ್ಞಾನ ಸಂಶೋಧನೆಗೆ ಹಣ ಒದಗಿಸುವ ಸಂಸ್ಥೆಯೊಂದನ್ನು 1912ರಲ್ಲಿ ಕಟ್ಟಿ ಅದಕ್ಕೆ ಒಪ್ಪಿಸಿದರು.

ಬೂದಿ ಹಿಡಿದದ್ದಾಯಿತು, ಹಿಡಿದ ಬೂದಿಯನ್ನು ಏನು ಮಾಡುವುದು? ಇದು ಶಕ್ತಿನಗರದ ಸುತ್ತಮುತ್ತಲ ಊರುಗಳಿಗೆ ಬರಿಯ ವಿಜ್ಞಾನದ ಪ್ರಶ್ನೆಯಲ್ಲ. ಬೇಸಿಗೆಯ ಗಾಳಿ ಎದ್ದರೆ ಹೊಂಡಕ್ಕೆ ಸುರಿದ ಬೂದಿ ಬೆಳೆಯ ಮೇಲೆ, ಮಾಳಿಗೆಯ ಮೇಲೆ, ಕುಡಿಯುವ ನೀರಿನ ಮೇಲೆ ಬಂದು ಕೂರುತ್ತದೆ. ನಾಡಿಗೆಲ್ಲ ಬೆಳಕು ಕೊಟ್ಟ ಊರಿನವರು ಅದರ ಬೂದಿಯನ್ನು ಉಸಿರಾಡುವುದು ನ್ಯಾಯವಲ್ಲ. ಉತ್ತರ ಮಾತ್ರ ಎರಡು ಸಾವಿರ ವರ್ಷ ಹಳೆಯದು. ಇಟಲಿಯ ವೆಸೂವಿಯಸ್ ಬೆಟ್ಟದಿಂದ ದೂರವಲ್ಲದ ಪೊಟ್ಸುವೊಲಿ ಎಂಬ ಊರಿನ ಜ್ವಾಲಾಮುಖಿ ಬೂದಿಯನ್ನು ಸುಣ್ಣಕ್ಕೆ ಬೆರೆಸಿದರೆ, ಆ ಗಾರೆ ನೀರಿನೊಳಗೂ ಕಲ್ಲಾಗುತ್ತದೆ ಎಂದು ರೋಮನ್ನರು ತಿಳಿದಿದ್ದರು. ಅವರು ಅದರಿಂದ ಕಟ್ಟಿದ ಬಂದರುಗಳ ಗೋಡೆಗಳು ಸಮುದ್ರದಲ್ಲಿ ಇನ್ನೂ ನಿಂತಿವೆ.

ನಮ್ಮವರೂ ಇದನ್ನು ಬಲ್ಲವರೇ. ಸುಟ್ಟ ಇಟ್ಟಂಗಿಯ ಪುಡಿಯನ್ನು ಸುಣ್ಣಕ್ಕೆ ಸೇರಿಸಿದ ಸುರ್ಕಿ ಗಾರೆ ಅದೇ ಜಾತಿಯದು. ಕೃಷ್ಣರಾಜಸಾಗರವನ್ನು ಕಟ್ಟಿದ್ದು ಸುರ್ಕಿಯಿಂದ. 1953ರಿಂದ ಸಿಂಧನೂರು, ಮಾನ್ವಿ ಕಡೆಯ ಗದ್ದೆಗಳ ಹಣೆಬರಹ ಬದಲಿಸಿದ ತುಂಗಭದ್ರಾ ಅಣೆಕಟ್ಟೆಯಲ್ಲೂ ಸುರ್ಕಿ ಗಾರೆಯೇ ಇರುವುದು. ಇನ್ನು ಹಾರುಬೂದಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿ. ಅದು ಒಡೆದ ಚೂರುಗಳ ರಾಶಿಯಲ್ಲ. ಬಾಯ್ಲರಿನ ಬೆಂಕಿಯಲ್ಲಿ ಕರಗಿ, ಹಾರುತ್ತಲೇ ತಣಿದ ಗಾಜಿನ ಗುಂಡು ಗುಂಡಾದ ಕಣಗಳು. ಸಿಲಿಕಾ, ಅಲ್ಯುಮಿನಾ ಅದರಲ್ಲಿ ತುಂಬಿವೆ. ಸುಣ್ಣ, ನೀರು ಸಿಕ್ಕರೆ ಸಾಕು, ಪೊಟ್ಸುವೊಲಿಯ ಬೂದಿ ಮಾಡಿದ್ದನ್ನೇ ಇದೂ ಮಾಡುತ್ತದೆ. ಪಿಪಿಸಿ ಎಂದು ಬರೆದ ಸಿಮೆಂಟ್ ಚೀಲದಲ್ಲಿ ನೂರಕ್ಕೆ 15ರಿಂದ 35 ಪಾಲು ಹಾರುಬೂದಿ ಇರಲು ಭಾರತೀಯ ಮಾನಕವೇ ಅವಕಾಶ ಕೊಟ್ಟಿದೆ. ಶಕ್ತಿನಗರದ ರಸ್ತೆಯಲ್ಲಿ ಓಡಾಡುವ ಬಲ್ಕರ್ ಲಾರಿಗಳು ಸಿಮೆಂಟ್ ಕಾರ್ಖಾನೆಗಳಿಗೆ ಒಯ್ಯುವುದು ಈ ಬೂದಿಯನ್ನೇ. ಇಟ್ಟಂಗಿ ಮಾಡುವವರು ಹಾರುಬೂದಿಗೆ ಕಲ್ಲುಪುಡಿ ಅಥವಾ ಮರಳು, ಸುಣ್ಣ ಮತ್ತು ಜಿಪ್ಸಂ ಇಲ್ಲವೆ ಸಿಮೆಂಟ್ ಕಲಸಿ, ಯಂತ್ರದಲ್ಲಿ ಒತ್ತಿ, ಎರಡು ಮೂರು ವಾರ ನೀರುಣಿಸುತ್ತಾರೆ. ಭಟ್ಟಿಯ ಬೆಂಕಿ ಬೇಡ, ಹೊಲದ ಮೇಲ್ಮಣ್ಣು ಕೆರೆಯುವುದು ಬೇಡ. ಹೊಲದ ಮಣ್ಣು ಉಳಿಯಲೆಂದೇ ಕೇಂದ್ರ ಸರ್ಕಾರ 1999ರಲ್ಲಿ, ಇಂಥ ವಿದ್ಯುತ್ ಕೇಂದ್ರಗಳ ಸುತ್ತಲಿನ ಕಟ್ಟಡ ಕೆಲಸಕ್ಕೆ ಹಾರುಬೂದಿ ಬಳಸಬೇಕೆಂಬ ನಿಯಮ ಹೊರಡಿಸಿತು.

ಬಾನುಲಿಯ ಮಾತೂ ಒಂದಿಷ್ಟು ಇರಲಿ. ತಂತಿಯಿಲ್ಲದ ಸಂದೇಶ ಮೊದಲು ಬೇಕಾದದ್ದು ಕಡಲಿನ ಹಡಗುಗಳಿಗೆ. ಅದನ್ನು ನಮ್ಮ ನಾಡಿನಲ್ಲಿ ಮನೆಮನೆಯ ಮಾತಾಗಿಸಿದವರು ರೇಡಿಯೋ ಎಂಜಿನಿಯರ್ ಅಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಲ್ಲೇ 30 ವಾಟ್‌ನ ಪ್ರಸಾರಯಂತ್ರ ಇಟ್ಟುಕೊಂಡು ಸಂಗೀತ, ಭಾಷಣ ಬಿತ್ತರಿಸಲು ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿ ಬಳಕೆಗೆ ಬಂತು. ದೇಶದ ಬಾನುಲಿ ಅದೇ ಹೆಸರನ್ನು 1957ರಲ್ಲಿ ತನ್ನದಾಗಿಸಿಕೊಂಡಿತು.

ಇಷ್ಟು ಕಥೆ ಹೇಳಿದ್ದು ಒಂದು ಮಾತಿಗಾಗಿ. ಸಾಮಾನು ಮಾರುವವನು, ರಿಪೇರಿ ಮಾಡುವವನು, ಗಣಿ ಕೂಲಿಯ ಮಗ, ರಟ್ಟು ಕಟ್ಟುವ ಹುಡುಗ, ಮನಶ್ಶಾಸ್ತ್ರದ ಮೇಷ್ಟ್ರು. ಇವರು ತಮ್ಮ ಕಣ್ಣೆದುರಿನ ತೊಂದರೆಯನ್ನು, ತಮ್ಮ ಕೈಗೆ ಸಿಕ್ಕ ವಸ್ತುವನ್ನು ಗಮನವಿಟ್ಟು ನೋಡಿದರು. ಹೊಸ ವಸ್ತು ಹುಟ್ಟಿಸಿದವರಷ್ಟೇ ದೊಡ್ಡವರು, ಇರುವ ವಸ್ತುವಿಗೆ ಹೊಸ ಉಪಯೋಗ ಕಂಡವರು.

ರಾಯಚೂರು, ಮಾನ್ವಿ, ದೇವದುರ್ಗದ ವಿದ್ಯಾರ್ಥಿಗಳಿಗೆ, ಐಟಿಐ ಮತ್ತು ಎಂಜಿನಿಯರಿಂಗ್ ಕಾಲೇಜಿನ ಮಕ್ಕಳಿಗೆ ನನ್ನ ಕೇಳಿಕೆ ಇಷ್ಟೆ. ನಿಮ್ಮ ಸುತ್ತ ಮೂರು ರಾಶಿಗಳಿವೆ. ಒಂದು, ಶಕ್ತಿನಗರದ ಹಾರುಬೂದಿ. ಎರಡು, ಅಕ್ಕಿ ಗಿರಣಿಗಳ ಭತ್ತದ ಹೊಟ್ಟು. ಅದನ್ನು ಸುಟ್ಟಾಗ ಬರುವ ಬೂದಿಯಲ್ಲಿ ನೂರಕ್ಕೆ ಎಂಬತ್ತೈದು ಪಾಲಿಗೂ ಹೆಚ್ಚು ಸಿಲಿಕಾ ಇದೆ, ಹದವಾಗಿ ಸುಟ್ಟರೆ ಅದೂ ಸುಣ್ಣದೊಡನೆ ಗಟ್ಟಿಯಾಗುವಂಥದ್ದೇ. ಮೂರು, ಹೊಲದಲ್ಲಿ ಸುಟ್ಟುಬಿಡುವ ಹತ್ತಿ ಕಟ್ಟಿಗೆ. ಅದರಿಂದ ಹಲಗೆ ತಯಾರಿಸುವ ವಿಧಾನವನ್ನು ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಈಗಾಗಲೇ ರೂಪಿಸಿದೆ. ಕಾಲೇಜಿನ ಪ್ರಾಜೆಕ್ಟಿಗೆ ದೂರದ ವಿಷಯ ಹುಡುಕಬೇಡಿ, ಈ ಮೂರರಲ್ಲಿ ಒಂದನ್ನು ಎತ್ತಿಕೊಳ್ಳಿ. ಪಂಚಾಯಿತಿಯ ಸದಸ್ಯರೆ, ಗುತ್ತಿಗೆದಾರರೆ, ಮುಂದಿನ ಶಾಲಾ ಕೋಣೆ, ಅಂಗನವಾಡಿ ಕಟ್ಟುವಾಗ ಗುಣಮಟ್ಟ ಪರೀಕ್ಷಿಸಿದ ಬೂದಿ ಇಟ್ಟಂಗಿಯನ್ನು ಕೇಳಿ ಪಡೆಯಿರಿ. ಹೊಂಡಕ್ಕೆ ಹೋಗದೆ ಗೋಡೆಗೆ ಹೋದ ಬೂದಿ ಯಾರ ಬೆಳೆಯ ಮೇಲೂ ಕೂರುವುದಿಲ್ಲ, ಯಾರ ಎದೆಗೂ ಇಳಿಯುವುದಿಲ್ಲ.